ಒತ್ತು

ಅಪ್ಪಾ ಬಳವಂತ ಚೌಕಕ್ಕೆ ಪುಣೆಯವರು
ಎಬಿಸಿ ಅಂತಲೇ ಅನ್ನುವುದು.
ಗೈಡು, ಡೈಜೆಸ್ಟು, ಹಳೆಯ ಪ್ರಶ್ನೆಪತ್ರಿಕೆ ಮಾರುವ
ಅಂಗಡಿಯ ಮೇಲಿನ ಅಟ್ಟದಲ್ಲಿ
ಸಂಜೆ ಆರೂವರೆಗೆ ನನ್ನ ಕ್ಲಾಸು.
ಒಂಬತ್ತು ಜನ. ಫ್ಯಾನು ಒಂದೇ.

ಕೊರಿಯದ ಅಕ್ಷರ ಸುಲಭ, ಅನ್ನುತ್ತೇನೆ ಮೊದಲ ದಿನ:
ಒಂದೊಂದೂ ಒಂದು ಚೌಕದ ಕೋಣೆ.
ಮೇಲೆ ವ್ಯಂಜನ, ಬಗಲಿಗೆ ಸ್ವರ,
ಕೆಲವು ಸಲ ಕೆಳಗೆ ಇನ್ನೊಂದು ವ್ಯಂಜನ, ಬಾಡಿಗೆಗೆ.
ನಾನಿದ್ದದ್ದೂ ಹಾಗೆಯೇ,
ದೇಗು ಎಂಬ ಊರಿನಲ್ಲಿ, ಮನೆಯೊಡತಿಯ ಕಾಲಡಿ
ಅರ್ಧ ನೆಲದೊಳಕ್ಕೆ ಇಳಿದ ಕೋಣೆ;
ಕಿಟಕಿಯಲ್ಲಿ ಹಾದುಹೋಗುವವರ ಬೂಟು ಮಾತ್ರ.
ಇದನ್ನು ಕ್ಲಾಸಿನಲ್ಲಿ ಹೇಳುವುದಿಲ್ಲ.

ರಾಂಜಣಗಾವದ ಕಾರ್ಖಾನೆಯ ಫಡತರೆಗೆ
ಸಾಹೇಬರ ಬೈಗುಳ ಅರ್ಥವಾದರೆ ಸಾಕು.
ಕೋಥ್ರೂಡಿನ ಅವಳಿಗಳು ಹಾಡಿಗಾಗಿ ಬಂದವರು.
ಕೇತಕಿ ಘಾಟಪಾಂಡೆ ಮಾತ್ರ
ಬರುವ ತಿಂಗಳು ಹೊರಟೇಬಿಡುವವಳು: ಬುಸಾನ್, ಎಂ.ಎಸ್ಸಿ.
ಕ್ಷಯವಿಲ್ಲವೆಂದು ವೀಸಾದವರಿಗೆ ತೋರಿಸುವ ಎಕ್ಸ್‌ರೇ ತಂದಿದ್ದಾಳೆ,
ಕಿಟಕಿಗೆ ಹಿಡಿಯುತ್ತಾಳೆ:
ಪಕ್ಕೆಲುಬಿನ ಸಂದಿಯಲ್ಲಿ ಎದುರಂಗಡಿಯ ದೀಪಗಳು.

ಮಿಸ್, ಏನೇನು ಒಯ್ಯಲಿ?
ಮೂರು ಲೀಟರಿನ ಕುಕ್ಕರು. ಎರಡು ಗ್ಯಾಸ್ಕೆಟ್ಟು.
ಗೋಡಾ ಮಸಾಲೆ, ಬಟ್ಟೆಯ ನಡುವೆ.
ಫೋಟೋ ಇಪ್ಪತ್ತು, ಬಿಳಿ ಹಿನ್ನೆಲೆ, ಕಿವಿ ಕಾಣಬೇಕು.
ಊಟದ ಕಸಕ್ಕೆ ಬೇರೆ ಚೀಲ, ದುಡ್ಡು ಕೊಟ್ಟು ಕೊಳ್ಳಬೇಕು;
ಮಾವಿನ ಗೊರಟೆ ಊಟದ ಕಸವಲ್ಲ.
ಅದಕ್ಕೆಂದೇ ಮನೆಯೊಡತಿ ನನ್ನ ಬಾಗಿಲು ಬಡಿದಿದ್ದಳು,
ಗೊರಟೆಯನ್ನು ಎರಡೇ ಬೆರಳಲ್ಲಿ ಹಿಡಿದು,
ಸತ್ತ ಇಲಿಯನ್ನು ಹಿಡಿದಂತೆ.
ಚಳಿಯಾ? ಚಳಿಗೆ ಹೆದರಬೇಡ, ನೆಲವೇ ಬಿಸಿ ಇರುತ್ತದೆ.
ಬಿಲ್ಲಿಗೆ ಹೆದರು.

ಇವತ್ತಿನ ಪಾಠ ಒತ್ತು.
ಅಫಾ ಅಂದರೆ ನೋಯುತ್ತಿದೆ.
ಅಪ್ಪಾ ಅಂದರೆ ಅಪ್ಪನೇ.
ತುಟಿಯ ಮುಂದೆ ಬಸ್ ಟಿಕೇಟು ಹಿಡಿಯಿರಿ:
ನೋವಿಗೆ ಅಲುಗಬೇಕು,
ಅಪ್ಪನಿಗೆ ಅಲುಗಬಾರದು.
ಫ್ಯಾನು ಆರಿಸಿ.
ಫಡತರೆಯ ಅಪ್ಪ ಪ್ರತಿ ಸಲ ಹಾರಿಹೋಗುತ್ತಾನೆ,
ಎಲ್ಲರೂ ನಗುತ್ತಾರೆ.

ನಾನು ಅಪ್ಪನನ್ನು ಕಲಿಯಬೇಕಾಗಿರಲಿಲ್ಲ.
ಅಕ್ಕಲಕೋಟೆಯ ಕಡೆಯವರು ನಾವು.
ಅಪ್ಪ ಇದೇ ಚೌಕದ ಹಮಾಲ;
ಮೂವತ್ತು ವರ್ಷದ ಜೂನ್ ತಿಂಗಳುಗಳು ಅವನ ಬೆನ್ನ ಮೇಲಿಂದಲೇ
ಶಾಲೆಗೆ ಹೋದವು.
ಒಂದನ್ನೂ ಬಿಚ್ಚಿ ನೋಡಿದವನಲ್ಲ.
ಗಣಿತ ಭಾಳ ವಜ್ಜಿ ಇರ್ತದವ್ವಾ, ಅನ್ನುತ್ತಿದ್ದ.
ಅವನು ಹೇಳುತ್ತಿದ್ದದ್ದು ಕಿಲೋದ ಮಾತು.

ದೇಗುವಿನ ಎರಡನೆಯ ಚಳಿಗಾಲ
ಹಂದಿಮೂಳೆ ಕುದಿಸುವ ಹೋಟೆಲಿನ ಹಿತ್ತಿಲಲ್ಲಿ
ಪಾತ್ರೆ ತೊಳೆಯುತ್ತಿದ್ದೆ.
ಲಿಂಗ ಕಟ್ಟಿದ ಮನೆ; ಫೋನಿನಲ್ಲಿ ಲೈಬ್ರರಿ ಅಂದಿದ್ದೆ.
ಒಂದು ರಾತ್ರಿ ಹಂಡೆ ವಾಲಿ
ಕುದಿವ ಸಾರು ಮೊಣಕೈವರೆಗೆ ಬಂತು.
ಯಪ್ಪಾ ಅಂದೆ. ಅಪ್ಪಾ, ಅಪ್ಪಾ ಅಂದೆ.

ಹೋಟೆಲಿನ ಮುದುಕಿ ಬಾಗಿಲ ಕಡೆ ತಿರುಗಿದಳು,
ಯಾರೋ ಗಂಡಸು ಬಂದಿರಬೇಕೆಂದು,
ನನ್ನನ್ನು ನೋಡಲು ವಿಮಾನ ಹತ್ತಿ ಬಂದವನು,
ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿ ಬಿಚ್ಚುತ್ತಿರುವವನು.
ನಾನೂ ತಿರುಗಿದೆ.
ಬರೀ ಹಿಮ, ಒಂದು ಸೈಕಲ್ಲು.
ಆಮೇಲೆ ಅವಳು ನನ್ನ ಕೈ ನೋಡಿದಳು. ಐಗೋ ಅಂದಳು.
ನಲ್ಲಿಯ ಕೆಳಗೆ ಬಹಳ ಹೊತ್ತು ಹಿಡಿದುಕೊಂಡಿದ್ದಳು.
ವಾರದ ಕೂಲಿ ಪೂರ್ತಿ ಎಣಿಸಿಕೊಟ್ಟು
ನಾಳೆಯಿಂದ ಬರಬೇಡ ಅಂದಳು: ಪರ್ಮಿಟ್ಟಿಲ್ಲ, ಪೊಲೀಸಿನ ಭಯ.
ನಮ್ಮ ಕಡೆ ಎರಡಕ್ಕೂ ಒಂದೇ ಶಬ್ದ ಅಜ್ಜಿ, ಅಂತ
ಬಿಡಿಸಿ ಹೇಳುವಷ್ಟು ಭಾಷೆ ಆಗ ಬರುತ್ತಿರಲಿಲ್ಲ.

ಕೇತಕಿಯ ಸರದಿ. ಅಫಾ ಅನ್ನುತ್ತಾಳೆ.
ಟಿಕೇಟು ಅಲುಗುವುದಿಲ್ಲ.
ತಪ್ಪು, ಇನ್ನೊಮ್ಮೆ, ಅನ್ನುತ್ತೇನೆ.

ಏಳೂವರೆ. ಕೆಳಗೆ ಕೈಗಾಡಿ ನಿಂತ ಸದ್ದು.
ಹದಿನೆಂಟು ಮೆಟ್ಟಿಲು ಈಗ ಅವನಿಗಾಗುವುದಿಲ್ಲ,
ಗಾಡಿಗೆ ಒರಗಿ ಬೀಡಿ ಹಚ್ಚಿ ಕಾಯುತ್ತಾನೆ.
ಹಲಗೆ ಒರೆಸಿ ತೋಳಿನ ಗುಂಡಿ ಹಾಕಿಕೊಳ್ಳುತ್ತೇನೆ.
ಮೇ ತಿಂಗಳಲ್ಲೂ ಯಾಕವ್ವಾ ಉದ್ದ ತೋಳು
ಅಂತ ಅವನು ಒಮ್ಮೆಯೂ ಕೇಳಿಲ್ಲ.