ಸಾವಕಾಶ, ಮೂರು ಸುತ್ತು

ಜೋರಾಪುರ ಪೇಟಿಗೆ ನಸುಕಿನ ನಾಲ್ಕಕ್ಕ,
ಶಹಾಪುರ ಅಗಸಿಗೆ ಆರಕ್ಕ,
ನವಬಾಗಕ್ಕ ಎಂಟು ಹೊಡೆದ ಮ್ಯಾಲ.
ಎದಿಮಟ ಬರೂ ಕಬ್ಬಿಣದ ಚಾವಿ ನಂದು.
ರಸ್ತೇದಾಗಿನ ಮುಚ್ಚಳ ತಗದು, ಚಾವಿ ಇಳಿಸಿ
ತಿರುವಿದೆ ಅಂದ್ರ
ಕೋಲ್ಹಾರದ ಹೊಳಿ ವಿಜಯಪುರದ ಓಣಿಗೆ ಬರತದ.
ಯಾರ ಕೊಡ ಮೊದಲು ಅನ್ನೂ ಜಗಳ
ನಂದಲ್ಲ.

ಕೆಲಸ ಕಲಿಸಿದಾಂವ ದಸ್ತಗೀರಸಾಬ.
ಮೊದಲನೇ ದಿನ ನಾ ಒಂದ ಏಟಿಗೆ ಪೂರಾ ತೆರೆದೆ,
ಮೂರು ಮನಿ ಆಚೆ ಪೈಪು ಒಡೀತು.
ಆಂವ ಬೈಲಿಲ್ಲ. ಸೈಕಲ್ ಮ್ಯಾಲ ಕುಂದರಿಸಿಕೊಂಡು ಹೋಗಿ
ಹಳೇ ಗಂಜ್ ತೋರಿಸಿದ,
ಬಾದಶಾಹಿ ಕಾಲದ ಕಲ್ಲಿನ ಗೋಪುರ,
ನೆತ್ತಿ ಮ್ಯಾಲ ಆಲದ ಸಸಿ.
"ಆಗ ಮಣ್ಣಿನ ಕೊಳವಿ, ಮುರಿಗೆಪ್ಪ.
ದೂರದಿಂದ ಬಂದ ನೀರಿಗೆ ಸಿಟ್ಟು ಬಹಳ.
ಇದರೊಳಗ ಏರಿ, ದಮ್ಮು ತಗೊಂಡು,
ಕೆಸರು ತಳಕ್ಕ ಬಿಟ್ಟು
ಮುಂದಿನ ಓಣಿಗೆ ಇಳೀತಿತ್ತು.
ಸಾವಕಾಶ. ಮೂರು ಸುತ್ತು. ನಿಲ್ಲು. ಮತ್ತ ಮೂರು."

ಅದ ಗಂಜಿನ ನೆರಳಾಗ ನಮ್ಮ ಚಾ.
ಒಂದಿನ ನಾ ಅಂದೆ:
"ಕಾಣದ ದೇವರಿಗೆ ದಿನಾ ಐದು ಸಲ ಡೊಗ್ಗತೀರಿ,
ಆಂವ ಅದಾನ ಅಂತ ಗ್ಯಾರಂಟಿ ಏನು?"
ಹಿಂದಿನ ರಾತ್ರಿ ಯಾರೋ ಮೊಬೈಲಿಗೆ ಕಳಿಸಿದ ಮಾತದು,
ನನ್ನ ಬಾಯಿಂದ, ನನ್ನ ದನಿಯಾಗ ಬಂತು.
ದಸ್ತಗೀರಸಾಬ ಕಪ್ಪು ಕೆಳಗಿಟ್ಟ. ಅರ್ಧ ಚಾ ಹಂಗ ಇತ್ತು.
ನಾಲ್ಕು ದಿನ ಆಂವ ಗಂಜಿನ ಕಡೆ ಹಾಯಲಿಲ್ಲ.

ಐದನೇ ದಿನ ಬಂದು ಬಾಜೂ ಕುಂತ.
"ಈಗ ಕೇಳು," ಅಂದ.
"ಅವತ್ತ ಕೇಳಿದ್ನೆಲ್ಲ?"
"ಅವತ್ತ ನೀ ಕೇಳಲಿಲ್ಲೋ, ಒಗದಿ.
ನನಗ ಬಡದದ್ದು ಖರೆ. ಅದಕ್ಕ ಉತ್ತರ ಇರೂದಿಲ್ಲ."

ಎಷ್ಟೊತ್ತು ಸುಮ್ಮನಿದ್ದೆವೋ.
ನಮ್ಮ ಭಾಷಾದಾಗ ಪ್ರಶ್ನಿ ಮಾಡೂದಕ್ಕೂ ಕೇಳೂದಂತಾರ,
ಕಿವಿಗೊಡೂದಕ್ಕೂ ಕೇಳೂದಂತಾರ.
ಐವತ್ತು ವರ್ಷ ಈ ಶಬ್ದ ಬಾಯಾಗ ಇಟಗೊಂಡು
ಅರ್ಧಾನ ಅಗದಿದ್ದೆ.

"ನಮಾಜಿನಾಗ ಏನನಸ್ತದ?" ಅಂತ ಕೇಳಿದೆ.
ಆಂವ ಗಡ್ಡ ಕೆರಕೊಂಡ. "ಒಮ್ಮೊಮ್ಮಿ
ಅವ್ವನ ಸೆರಗಿನಾಗ ಹೊಕ್ಕಂಗ.
ಒಮ್ಮೊಮ್ಮಿ ಬರೇ ಮೊಣಕಾಲ ನೋವು.
ನಿಂದು ಹೇಳು. ಅಂಗೈಯಾಗ ಲಿಂಗ ಹಿಡಕೊಂಡು ನೋಡತಿಯಲ್ಲ,
ಏನು ಕಾಣತದ?"
ಸುಳ್ಳು ನಾಲಿಗಿ ತುದಿಮಟ ಬಂದಿತ್ತು.
"ಬಹಳ ಸಲ," ಅಂದೆ, "ಅಂಗೈ."

ನೀರಿನ ಕ್ಲೋರಿನ್ ನೋಡಲಾಕ ಬರೂ ಪಂಚಶೀಲಾ
ನಿಂತು ಕೇಳಲಾಕತ್ತಿದ್ದಳು,
ಕೈಯಾಗ ಹಳದಿಗೆ ತಿರುಗಿದ ನೀರಿನ ಶೀಶೆ.
"ನನಗ ದೇವರಿಲ್ಲ," ಅಂದಳು. "ಕುಂದರಬಹುದೇನು?"
ಸರಕೊಂಡು ಜಾಗಾ ಮಾಡಿದೆವು.
"ನಮ್ಮ ಆಯಿಗೆ ಊರ ಬಾವಿ ದಂಡಿ ಹತ್ತಗೊಡಲಿಲ್ಲ.
ಮ್ಯಾಲಿಂದ ಸುರದದ್ದು, ಬೊಗಸಿಯಾಗ ಕುಡೀಬೇಕು.
ಆಗ ನಿಮ್ಮಿಬ್ಬರ ದೇವರು ಏನು ಮಾಡಲಾಕತ್ತಿದ್ದರು?"
ಇದು ಒಗದದ್ದಲ್ಲ.
ಕೈಯಾಗ ಇಟ್ಟದ್ದು. ಭಾರ ಇತ್ತು.
ದಸ್ತಗೀರಸಾಬ ಬಾಯಿ ತೆರೆದು ಮುಚ್ಚಿದ.
ನನ್ನ ಅಜ್ಜನ ಮನಿ ಮುಂದನೂ ಬಾವಿ ಇತ್ತು.
ಅಷ್ಟು ಹೇಳಿದೆ. ಮುಂದ ಹೇಳಲಾಕ ಏನೂ ಇರಲಿಲ್ಲ.
ಆಕಿ ನನ್ನ ಮಾರಿ ನೋಡಿದಳು, ಬಹಳ ಹೊತ್ತು.
ಆಮ್ಯಾಲ ಶೀಶೆ ಬಿಸಿಲಿಗೆ ಹಿಡಿದು
"ಇವತ್ತಿನ ನೀರು ಬರೋಬರಿ ಅದ," ಅಂದಳು.

ಇನ್ನೂ ಯಾರೂ ಯಾರನ್ನೂ ಒಪ್ಪಿಲ್ಲ.
ಆಕಿಗೆ ದೇವರು ಹುಟ್ಟಿಲ್ಲ, ನಮಗ ಬಿಟ್ಟುಹೋಗಿಲ್ಲ.
ಚಾದ ರೊಕ್ಕಾ ಕೊಡೂದರಾಗ ಮಾತ್ರ ದಿನಾ ಜಗಳ.
ಮೊನ್ನೆ ಮೊಬೈಲಿಗೆ ಮತ್ತೊಂದು ಮಾತು ಬಂತು, ಹರಿತ ಇತ್ತು.
ಮುಂದ ದಾಟಿಸಲಿಲ್ಲ. ಅಳಿಸಲಾಕನೂ ಕೈ ಬರಲಿಲ್ಲ.
ಎಲ್ಲೋ ತಳದಾಗ ಕುಂತದ ಇನ್ನೂ.

ನಾಳೆ ನಸುಕಿನ ನಾಲ್ಕಕ್ಕ ಜೋರಾಪುರ ಪೇಟಿ.
ಮುಚ್ಚಳ ಎತ್ತಿ, ಮೊದಲು ಕಿವಿ ಹಚ್ಚತೀನಿ:
ಕತ್ತಲಾಗ, ಖಾಲಿ ಪೈಪಿನಾಗ
ಗಾಳಿ ಸರಿಯೂ ಸಪ್ಪಳ.
ಆಮ್ಯಾಲ ತಿರುವತೀನಿ.