ನಾಲ್ಕು ಅಂದರೆ ಖಾಲಿ

ಕಪನೂರಿನ ದಾಲ್ ಮಿಲ್ಲಿನಲ್ಲಿ ಗಾಳಿಗೂ ಹಳದಿ ಬಣ್ಣ.
ಪ್ಯಾನೆಲ್ಲಿನ ಬಾಗಿಲು ತೆರೆದೆ. ಮೊದಲು ಉದುರಿದ್ದು
ತೊಗರಿಯ ಹೊಟ್ಟು, ಆಮೇಲೆ ಒಣಗಿದ ಹಲ್ಲಿ,
ಆಮೇಲೆ ಯಾರೋ ಸಿಕ್ಕಿಸಿ ಮರೆತ
ಹೋದ ವರ್ಷದ ಕರೆಂಟ್ ಬಿಲ್ಲು.

"ಖಾಲಿ ಆದ್ರೂ ನಿಂದ್ರಲ್ರೀ ಇದು," ಅಂದ ಲಾಡ್ಲೇಸಾಬ.
ಹಾಪರಿನಲ್ಲಿ ಕಾಳು ತೀರಿದರೂ ಫೀಡರು
ತೆವಳುತ್ತಲೇ ಇರುತ್ತದೆ,
ಜರಡಿಗೆ ಬರೀ ಸದ್ದು ಬಡಿಸುತ್ತ.
ಎರಡು ವರ್ಷದಿಂದ ಅವನೇ ಓಡಿ ಬಂದು ಒತ್ತುತ್ತಾನೆ,
ಉಣ್ಣುತ್ತಿದ್ದರೆ ಉಣ್ಣುವ ಕೈಯಲ್ಲೇ.
ಕೆಂಪು ಗುಂಡಿಯ ಮೇಲೆ ಅರಿಶಿನದ ಜಿಡ್ಡು
ಈಗ ಉಜ್ಜಿದರೂ ಹೋಗುವುದಿಲ್ಲ.

ತಂತಿ ಬಿಚ್ಚಿ ನಡುವೆ ಮೀಟರು ಕೂಡಿಸಿದೆ.
ಉಗುರಿನಷ್ಟು ಸ್ವಿಚ್ಚು ಕರೆಂಟಿನ ಕಡೆಗೇ ಇತ್ತು. ಅದು ಸರಿ.
ಮೇಲಿನ ಸೆನ್ಸರೂ ನಿಜವನ್ನೇ ಹೇಳುತ್ತಿತ್ತು:
ತುಂಬಿದರೆ ಇಪ್ಪತ್ತು ಮಿಲಿಆಂಪ್,
ಬರಿದಾದರೆ ನಾಲ್ಕು.
ಕೇಳಿಸಿಕೊಳ್ಳುವವನದೇ ತಪ್ಪು.
ಡ್ರೈವಿನ ಕೆಳಗಿನ ಮಿತಿಯನ್ನು ಯಾರೋ
ಸೊನ್ನೆಗೇ ಬಿಟ್ಟು ಹೋಗಿದ್ದರು.
ನಾಲ್ಕು ಎಂದರೆ ಅದಕ್ಕೆ ಐದರಲ್ಲಿ ಒಂದು ಪಾಲು,
ಐವತ್ತರಲ್ಲಿ ಹತ್ತು ಹರ್ಟ್ಸ್.
ಇಲ್ಲ ಅಂದದ್ದನ್ನು ಸ್ವಲ್ಪ ಅಂತ ತಿಳಿದು
ಪಾಪ, ದುಡಿಯುತ್ತಿತ್ತು.

ಬಾಣದ ಗುಂಡಿ ಒತ್ತುತ್ತ ಕೂತೆ.
ಸೊನ್ನೆ ಬಿಂದು ಒಂದು, ಸೊನ್ನೆ ಬಿಂದು ಎರಡು,
ಒತ್ತಿ ಹಿಡಿದರೆ ಆರಕ್ಕೆ ಹಾರುತ್ತದೆ,
ಮತ್ತೆ ಇಳಿಸಬೇಕು.
"ಏನೂ ಇಲ್ಲ ಅನ್ಲಿಕ್ಕ ಸೊನ್ನಿ ಸಾಲಲ್ಲೇನ್ರಿ?
ನಾಕು ಯಾಕ?"
ಹಾಪರ್ ಬರಿದಾದರೂ ಸೊನ್ನೆ,
ಇಲಿ ತಂತಿ ಕಡಿದರೂ ಸೊನ್ನೆ ಅಂದರೆ
ಯಾವುದು ಯಾವುದಂತ ಮೋಟರಿಗೆ
ಯಾರು ಹೇಳಬೇಕು, ಚಾಚಾ, ಅಂದೆ.

ಅವನು ಸುಮ್ಮನಾದ. ನಿಂತಲ್ಲೇ
ಜೇಬಿನ ಫೋನು ಮುಟ್ಟಿ ನೋಡಿಕೊಂಡ.
"ಗೌಸಿಯಾನ ಚಿಂಚೋಳಿಗಿ ಕೊಟ್ಟೀನ್ರಿ.
ದಿನಾ ಮಗ್ರಿಬ್ ಆದಮ್ಯಾಲ ಒಂದ್ ಮಿಸ್‌ಕಾಲ್.
ಎತ್ತಬ್ಯಾಡ ಅಂದಾಳ."

ಕಾಳು ಸುರಿದು ನೋಡಿದೆವು. ಫೀಡರು ಓಡಿತು,
ಮಟ್ಟ ಇಳಿದಂತೆ ತಾನೂ ಇಳಿಯಿತು,
ಕೊನೆಯ ಹಿಡಿ ಕಾಳಿಗೆ ತೂಕಡಿಸಿ
ನಿಂತಿತು.
ಅವನ ಕೈ ಆಗಲೇ ಗುಂಡಿಯ ಹತ್ತಿರ ಹೋಗಿತ್ತು.
ಅಲ್ಲೇ, ಗಾಳಿಯಲ್ಲಿ,
ಏನು ಮಾಡಬೇಕೆಂದು ತಿಳಿಯದೆ ಉಳಿಯಿತು.

ಇನ್ನೊಂದೇ ಅಂಕಿ ಬಾಕಿ:
ಸಿಗ್ನಲ್ ಪೂರ್ತಿ ತಪ್ಪಿದರೆ ಏನು ಮಾಡಲಿ
ಅಂತ ಡ್ರೈವು ಕೇಳುತ್ತದೆ.
ಅದೇ ವೇಗದಲ್ಲಿ ಹೋಗಲೋ, ನಿಲ್ಲಲೋ,
ನಿಲ್ಲುವುದಾದರೆ ಎಷ್ಟು ಹೊತ್ತು ಕಾದು?
ಕೈಪಿಡಿಗೆ ಈ ಮಿಲ್ಲಿನ ಇಲಿಗಳು ಗೊತ್ತಿಲ್ಲ.
ಅವನನ್ನೇ ಕೇಳಿದೆ.

"ನಿಂದ್ರಲಿ. ಆದ್ರ ಗಕ್ಕನ ಬ್ಯಾಡ್ರಿ.
ಒಂದೀಟು ಕಾಯ್ಲಿ.
ಒಮ್ಮೊಮ್ಮೆ ಟವರ್ ಇರಲ್ಲ."

ಇಲ್ಲಿ ಟವರಿಲ್ಲ, ಎರಡೆಳೆ ತಂತಿ ಅಷ್ಟೇ,
ಅನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ.
ಎರಡು ಸೆಕೆಂಡು ಸಾಕಿತ್ತು.
ಹತ್ತು ಹಾಕಿದೆ.
ಸರ್ವಿಸ್ ಕಾರ್ಡಿನ ಕಾರಣದ ಸಾಲಿನಲ್ಲಿ ಬರೆದೆ:
ಆಪರೇಟರ್ ಕೇಳಿಕೊಂಡರು.