ಸ್ಲೈಡು ಮೂವತ್ತೊಂದು

ಅರರಾಕ್ವಾರಾದಲ್ಲಿ ಕಬ್ಬಿಗೆ ಬೆಂಕಿ ಬಿದ್ದ ರಾತ್ರಿಯ ಮರುದಿನ
ಕಿಟಕಿ ಎಷ್ಟು ಮುಚ್ಚಿದರೂ ಕರಿಬೂದಿ ಬಂದು ಕೂರುತ್ತದೆ
ಪ್ರಯೋಗಾಲಯದ ಗಾಜಿನ ಮೇಲೆ.
ಊದುತ್ತೇನೆ, ಒರೆಸುತ್ತೇನೆ.
ಇಪ್ಪತ್ತೇಳು ವರ್ಷದಿಂದ ಇದೇ ಕಸುಬು:
ಮೇಣದಲ್ಲಿ ಹೂತ ಮಾಂಸವನ್ನು
ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು
ಬೆಚ್ಚನೆ ನೀರಲ್ಲಿ ತೇಲಿಬಿಟ್ಟು
ಕುಂಚದ ತುದಿಯಿಂದ ಸುಕ್ಕು ಬಿಡಿಸುವುದು.

ಮೊದಲೆಲ್ಲ ಮೊಲಗಳದ್ದು ಬರುತ್ತಿತ್ತು. ಅವಕ್ಕೆ ಹೆಸರಿಡಬಾರದೆಂದು
ಮೊದಲ ವಾರವೇ ಕಲಿತೆ.
ಈಗ ಮನುಷ್ಯರದ್ದು. ಅವರಿಗೂ ನಂಬರೇ.
ಮೂವತ್ತೊಂದು: ಹೆಂಗಸು, ಐವತ್ತೆಂಟು, ಸಂತೆ ವ್ಯಾಪಾರ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ನೋಡಿ,
ಏನೋ ಹೊರಳುತ್ತದಲ್ಲ, ಅಲ್ಲಿ
ಎರಡು ಮೂಳೆಗಳ ನಡುವೆ ಒಂದು ಪುಟ್ಟ ಬಿಲ್ಲೆ.
ಆಡಿದ ಮಾತು, ನುಂಗಿದ ಮಾತು
ಎರಡರ ಭಾರವೂ ಅದರ ಮೇಲೆ.
ಮೂರೆಳೆ ಹೊಸೆದ ಕೊಲಾಜೆನ್ ಹುರಿ,
ಹಾಸು ಹೊಕ್ಕು ತಪ್ಪದ ನೇಯ್ಗೆ,
ಎಳೆದರೆ ಬಿಚ್ಚಿ ಬಿಟ್ಟರೆ ಮಡಚುವ ಸಣ್ಣ ಗುಂಗುರು.

ಒಂದು ದಿನ ಅದು ಮುಂದಕ್ಕೆ ಜಾರುತ್ತದೆ.
ತೆರೆದರೆ ಲಟಕ್. ಮುಚ್ಚಿದರೆ ಲಟಕ್.
ಮನೆಮಂದಿ ನಗುತ್ತಾರೆ.
ಆಮೇಲೆ ಸದ್ದೂ ನಿಲ್ಲುತ್ತದೆ,
ಬಾಯಿ ಎರಡು ಬೆರಳಿನಗಲಕ್ಕೆ ನಿಲ್ಲುತ್ತದೆ.

ಬಿಲ್ಲೆಯ ಹಿಂದೆ ಒಂದು ಮೆತ್ತನೆ ಜಾಗ,
ರಕ್ತನಾಳ, ನರ, ಸಡಿಲ ನಾರು.
ಹೊರುವುದು ಅದರ ಪಾಲಿಗೆ ಬರೆದದ್ದಲ್ಲ.
ಈಗ ಪ್ರತಿ ತುತ್ತಿಗೂ ಮೂಳೆ ಬಂದು ಕೂರುವುದು ಅದರ ಮೇಲೇ.

ಕೆಂಪು ಬಣ್ಣವಿಟ್ಟು ದೀಪ ತಿರುಗಿಸಿದೆ.
ಕತ್ತಲಲ್ಲಿ ನಾರುಗಳು ಹೊತ್ತಿಕೊಂಡವು.
ದಪ್ಪನೆಯವು ಕೆಂಡದ ಕೆಂಪು,
ಎಳೆಯವು ಹಸಿರು, ಗಾಯದ ಗಡಿಬಿಡಿಯಲ್ಲಿ ಹುಟ್ಟಿದ ಹಸಿರು,
ದಿಕ್ಕಿಲ್ಲದೆ, ಗುಂಗುರಿಲ್ಲದೆ, ಒಂದರ ಮೇಲೊಂದು.
ಆದರೆ ಹಿಂದಿನ ಆ ಮೆತ್ತನೆ ಜಾಗದಲ್ಲಿ
(ಮೂರು ಸಲ ಸ್ಲೈಡು ಬದಲಿಸಿ ನೋಡಿದೆ)
ನಾಳಗಳು ಕಮ್ಮಿ. ಕೆಂಪು ನಾರು ಒತ್ತೊತ್ತಾಗಿ
ಸಾಲುಗಟ್ಟಿದೆ, ಬಿಲ್ಲೆಯಂತೆ.
ಬಿಲ್ಲೆಯಲ್ಲ. ಬಿಲ್ಲೆಯಂತೆ.

ಪ್ರೊಫೆಸರ್ ಎವಾಂಡ್ರೊ ಇಣುಕಿ ನೋಡಿ ಖುಷಿಯಿಂದ
ಒಂದೇ ಪದ ಬರೆದರು: ಹೊಂದಾಣಿಕೆ.

ಆ ಪದ ನನಗೆ ಗೊತ್ತು, ಸಾರ್.
ಅಮ್ಮ ಸತ್ತ ವಾರ ಅಜ್ಜಿ ನನ್ನ ಅಕ್ಕ ಡಾಲ್ವಾಳ ಕೈಗೆ ಸೌಟು ಕೊಟ್ಟು
ಅದನ್ನೇ ಹೇಳಿದ್ದಳು. ಅಕ್ಕನಿಗೆ ಹನ್ನೊಂದು.
ಒಂದೇ ವರ್ಷಕ್ಕೆ ಅವಳ ದನಿ ಅಮ್ಮನ ದನಿಯಾಯಿತು,
ಬಂದವರೆಲ್ಲ ಮೆಚ್ಚಿದರು.
ಆ ವರ್ಷ ಅವಳಲ್ಲಿ ಬತ್ತಿದ ನಾಳ ಯಾವುದೆಂದು
ಯಾರೂ ಹೆರೆದು ನೋಡಲಿಲ್ಲ.

ಹೇಳಲಿಲ್ಲ. ನನ್ನ ದವಡೆಯೂ ಎಡಕ್ಕೆ ಲಟಕ್ ಅನ್ನುತ್ತದೆ.

ಶನಿವಾರದ ಸಂತೆಯಲ್ಲಿ ಕಿತ್ತಳೆ ಮಾರುವವಳೊಬ್ಬಳಿದ್ದಾಳೆ.
ಮೊದಲು ಅವಳ ಕೂಗು ರೈಲ್ವೆ ಗೇಟಿನವರೆಗೂ ಕೇಳುತ್ತಿತ್ತು.
ಈಗ ರಟ್ಟಿನ ಮೇಲೆ ದರ ಬರೆದು ನಿಲ್ಲಿಸಿದ್ದಾಳೆ,
ಕೆನ್ನೆಗೆ ಅಂಗೈ ಆನಿಸಿ.
ಮೂವತ್ತೊಂದು ಇವಳೇ ಇರಬಹುದು. ಇರಲಿಕ್ಕಿಲ್ಲ.
ಕೇಳುವ ಹಕ್ಕು ನನಗಿಲ್ಲ.

ಒಂದು ಡಜನ್ ತೂಗದೆ ಎಣಿಸಿ ಹಾಕಿದಳು.
ಕಾಸು ಎಣಿಸುತ್ತಿದ್ದಾಗ ನೋಡಿದೆ:
ತನಗೆಂದು ಒಂದು ಹಣ್ಣು ಹೆಚ್ಚುತ್ತಿದ್ದಳು,
ತೆಳ್ಳಗೆ, ಇನ್ನೂ ತೆಳ್ಳಗೆ,
ಬಿಸಿಲು ಆಚೆಯಿಂದ ಈಚೆಗೆ ತೂರುವಷ್ಟು.
ಎರಡು ಬೆರಳಿನ ಸಂದಿಯಿಂದ ಒಳಗೆ ಜಾರಿಸಿ
ಕಣ್ಣು ಮುಚ್ಚಿದಳು.